ಮಾವನವರು ಗಟ್ಟಿಮುಟ್ಟಾಗಿದ್ದಾರೆ, ಫೋಟೋದಲ್ಲಿ ಮಾತ್ರ ಹಾರ ಬಿದ್ದಿದೆ

ಪ್ರಶ್ನೆ: ನಾನು ದಾವಣಗೆರೆ ವಿದ್ಯಾನಗರದವನು, ವಯಸ್ಸು 47. ಹೋದ ದೀಪಾವಳಿಗೆ ಗೆಳೆಯರೊಬ್ಬರಿಂದ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಕ್ಯಾಮೆರಾ ತಗೊಂಡೆ. ಜೊತೆಗೆ 18-55 ಲೆನ್ಸ್ ಬಂತು. ಅವತ್ತಿನಿಂದ ಕ್ಯಾಮೆರಾ ಬ್ಯಾಗಿನ ಜಿಪ್ ಸದ್ದು ಕೇಳಿದರೆ ಸಾಕು, ಮನೆಯವರೆಲ್ಲ ಒಂದೊಂದು ಕೋಣೆ ಸೇರಿಕೊಳ್ಳುತ್ತಾರೆ. ನನ್ನ ಫೋಟೋಗಳಲ್ಲಿ ಕೆಲವರು ಹಳದಿ, ಕೆಲವರು ಮಸುಕು, ಉಳಿದವರು ಕಣ್ಣು ಮುಚ್ಚಿರುತ್ತಾರೆ. ಮಗಳು ಕಂಪ್ಯೂಟರಿನಲ್ಲಿ ‘ಅಪ್ಪನ ಪ್ರತಾಪ’ ಅಂತ ಒಂದು ಫೋಲ್ಡರ್ ಮಾಡಿಟ್ಟು, ನೆಂಟರು ಬಂದಾಗ ಕಾಫಿ ಜೊತೆ ಅದನ್ನೂ ತೋರಿಸುತ್ತಾಳೆ. ಅದರಿಂದ ಏಳು ಫೋಟೋ ಕಳಿಸಿದ್ದೇನೆ. ದುಬಾರಿ ಲೆನ್ಸ್ ತಗೊಳ್ಳಬೇಕೋ, ಕ್ಯಾಮೆರಾನೇ ಮಾರಿಬಿಡಬೇಕೋ ಹೇಳಿ ಸರ್.

ಉತ್ತರ: ಎರಡೂ ಬೇಡ. ಅಂದಹಾಗೆ ನೀವು ಕಳಿಸಿದ್ದು ಏಳಲ್ಲ, ಎಂಟು ಫೋಟೋ. ಆ ಎಂಟನೆಯದು ಕೈತಪ್ಪಿ ಬಂದಿರಬೇಕು. ಅದರ ವಿಚಾರ ಕೊನೆಗೆ ಹೇಳುತ್ತೇನೆ.

ಚಿತ್ರದುರ್ಗದಲ್ಲಿ ಸ್ಟುಡಿಯೋ ಇಟ್ಟುಕೊಂಡು ಜೀವನ ಮಾಡಿದವನು ನಾನು. ಡಾರ್ಕ್ ರೂಮಿನ ಕೆಂಪು ಬಲ್ಬಿನಿಂದ ಹಿಡಿದು ಮೆಮೊರಿ ಕಾರ್ಡಿನವರೆಗೆ ಬಂದಿದ್ದೇನೆ. ಹಾಳಾದ ಫೋಟೋ ನೋಡೋದು ನನಗೆ ಜಾತಕ ನೋಡಿದ ಹಾಗೆ. ಫೋಟೋದಲ್ಲಿ ಇರುವವರದ್ದಲ್ಲ, ತೆಗೆದವರ ಜಾತಕ. ನಿಮ್ಮ ಏಳೂ ನೋಡಿದ ಮೇಲೆ ನನಗೆ ಗೊತ್ತಾಗಿದ್ದು ಇಷ್ಟು. ನಿಮಗೆ ಎಲ್ಲದರಲ್ಲೂ ಅವಸರ. ಎಲ್ಲರ ಮುಖದ ಹತ್ತಿರ ಹೋಗಿ ನಿಲ್ಲುತ್ತೀರಿ. ಜನರನ್ನು ನೋಡುತ್ತೀರಿ, ಅವರ ಹಿಂದೆ ಏನಿದೆ ಅಂತ ನೋಡುವುದಿಲ್ಲ. ಆ ಕ್ಯಾಮೆರಾ, ಪಾಪ, ನೀವು ತೋರಿಸಿದ್ದನ್ನು ಇದ್ದಹಾಗೇ ಬರೆದುಕೊಂಡಿದೆ.

ಮೊದಲು ನಿಮ್ಮ ಮಾವನವರ ಫೋಟೋ. ನೋಡಿ ಹತ್ತು ನಿಮಿಷ ನಕ್ಕಿದ್ದೇನೆ, ಅವರಿಗೆ ಹೇಳಬೇಡಿ. ಬಿಳಿ ಪಂಚೆ, ಬಿಳಿ ಅಂಗಿ, ಹೆಗಲ ಮೇಲೆ ಶಲ್ಯ. ಗೋಡೆಗೆ ಬೆನ್ನು ಹಾಕಿ ಗಂಭೀರವಾಗಿ ಕೂತಿದ್ದಾರೆ. ಸರಿಯಾಗಿ ಅವರ ತಲೆಯ ಹಿಂದೆ ತೀರಿಕೊಂಡ ಅಜ್ಜನವರ ಫೋಟೋ ಇದೆ. ಅದಕ್ಕೆ ಶ್ರೀಗಂಧದ ಹಾರ. ಅಜ್ಜನ ಮುಖವನ್ನು ಮಾವನವರ ತಲೆ ಪೂರ್ತಿ ಮುಚ್ಚಿದೆ. ಫ್ರೇಮಿನ ಅಂಚು ಕಾಣುತ್ತದೆ, ಹಾರ ಕಾಣುತ್ತದೆ, ನಡುವೆ ಮಾವನವರ ಮುಖ. ಮೇಲೆ ಕೆಂಪು ಸೀರಿಯಲ್ ಬಲ್ಬ್ ಬೇರೆ. ಅತ್ತೆಯವರು ಎರಡು ದಿನ ನಿಮ್ಮ ಜೊತೆ ಮಾತಾಡಲಿಲ್ಲ ಅಂತ ಬರೆದಿದ್ದೀರಿ. ಎರಡೇ ದಿನಕ್ಕೆ ಮುಗಿಯಿತಲ್ಲ, ದೊಡ್ಡ ಮನಸ್ಸು ಅವರದ್ದು.

ಇದು ಯಾಕಾಗುತ್ತದೆ ಅಂದರೆ, ನಮಗೆ ಎರಡು ಕಣ್ಣಿವೆ. ಅವುಗಳ ನಡುವೆ ಸುಮಾರು ಆರೂವರೆ ಸೆಂಟಿಮೀಟರ್ ಅಂತರ. ಎಡಗಣ್ಣು ನೋಡೋದೇ ಬೇರೆ, ಬಲಗಣ್ಣು ನೋಡೋದೇ ಬೇರೆ. ಮಿದುಳು ಎರಡನ್ನೂ ಸೇರಿಸಿ, ‘ಮಾವ ಮುಂದೆ, ಫೋಟೋ ಹಿಂದೆ’ ಅಂತ ಲೆಕ್ಕ ಹಾಕಿಕೊಡುತ್ತದೆ. ಅದೂ ಅಲ್ಲದೆ ನೀವು ಮಾವನನ್ನು ನೋಡುವಾಗ ಹಿಂದಿನ ಗೋಡೆಯನ್ನು ಮನಸ್ಸು ತಾನಾಗಿಯೇ ಮರೆಸಿಬಿಡುತ್ತದೆ. ಕ್ಯಾಮೆರಾಕ್ಕೆ ಇರುವುದು ಒಂಟಿ ಕಣ್ಣು. ಅದಕ್ಕೆ ಮಾವನೂ ಒಂದೇ, ಹಾರವೂ ಒಂದೇ. ಎರಡನ್ನೂ ಒಂದೇ ಹಾಳೆಗೆ ಅಂಟಿಸುತ್ತದೆ. ಮದುಮಗನ ನೆತ್ತಿಯಿಂದ ಲೈಟ್ ಕಂಬ ಎದ್ದಿರೋದು, ಚಿಗವ್ವನ ಕಿವಿಯಿಂದ ಬಾಳೆಗಿಡ ಹುಟ್ಟಿರೋದು, ಎಲ್ಲ ಇದೇ ಕಥೆ.

ಬಟನ್ ಒತ್ತುವ ಮೊದಲು ನೀವೂ ಒಂದು ಕಣ್ಣು ಮುಚ್ಚಿ ನೋಡಿ. ಕ್ಯಾಮೆರಾ ಕಂಡ ಹಾಗೇ ನಿಮಗೂ ಕಾಣುತ್ತದೆ. ಆಮೇಲೆ ಮುಖ ಬಿಟ್ಟು ಫ್ರೇಮಿನ ನಾಲ್ಕು ಮೂಲೆಗೂ ಒಂದು ಸುತ್ತು ಕಣ್ಣು ಹಾಯಿಸಿ. ಎರಡು ಸೆಕೆಂಡ್ ಕೆಲಸ. ಹಾರ ಕಂಡರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಇಲ್ಲವೇ ಕುರ್ಚಿಯನ್ನು ಗೋಡೆಯಿಂದ ನಾಲ್ಕೈದು ಅಡಿ ಮುಂದಕ್ಕೆ ಎಳೆಯಿರಿ. ಗೋಡೆ ಸ್ವಲ್ಪ ಮಸುಕಾಗುತ್ತದೆ, ನೆರಳೂ ಬೀಳುವುದಿಲ್ಲ. ನಮ್ಮ ಕಡೆ ಫೋಟೋ ಅಂದ ತಕ್ಷಣ ಜನ ಹೋಗಿ ಗೋಡೆಗೆ ಒರಗಿಕೊಳ್ಳುತ್ತಾರೆ. ಪೊಲೀಸರು ಸಾಲಾಗಿ ನಿಲ್ಲಿಸಿದಾರೇನೋ ಅನ್ನೋ ಹಾಗೆ. ಮೊದಲು ಅವರನ್ನು ಅಲ್ಲಿಂದ ಬಿಡಿಸಿ.

ಎರಡನೆಯದು ನಿಮ್ಮ ಮನೆಯವರ, ಅಂದರೆ ಹೆಂಡತಿಯ ಫೋಟೋ. ಇದರ ಬಗ್ಗೆ ಸ್ವಲ್ಪ ಹುಷಾರಾಗಿ ಬರೆಯುತ್ತೇನೆ, ಅವರೂ ಓದಬಹುದು. ‘ನಾನು ಹಿಂಗಿದೀನಾ?’ ಅಂತ ಅವರು ಕೇಳಿದರು, ನೀವು ‘ಕ್ಯಾಮೆರಾ ಸುಳ್ಳು ಹೇಳಲ್ಲ’ ಅಂದಿರಿ ಅಂತ ಬರೆದಿದ್ದೀರಿ. ಅಯ್ಯೋ ಮಾರಾಯ್ರೇ! ಹಾಗನ್ನಬಾರದಿತ್ತು. ಮೇಲಾಗಿ ಅದು ನಿಜವೂ ಅಲ್ಲ. ನೀವು ಎರಡು ಅಡಿ ದೂರದಲ್ಲಿ ನಿಂತು, ಲೆನ್ಸನ್ನು 18ಕ್ಕೆ, ಅಂದರೆ ಎಲ್ಲಕ್ಕಿಂತ ಅಗಲ ಕಾಣುವ ಕಡೆಗೆ ಇಟ್ಟು ತೆಗೆದಿದ್ದೀರಿ. ಅಷ್ಟು ಹತ್ತಿರದಿಂದ ನೋಡಿದರೆ ಮೂಗು ಕ್ಯಾಮೆರಾಕ್ಕೆ ಹತ್ತಿರ, ಕಿವಿ ದೂರ. ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು. ಮುಖ ಒಬ್ಬಟ್ಟಿನ ಹಿಟ್ಟಿನ ಉಂಡೆ ಹಾಗೆ ಮುಂದಕ್ಕೆ ಉಬ್ಬುತ್ತದೆ. ಇದು ಲೆನ್ಸಿನ ದೋಷ ಅಲ್ಲ, ನೀವು ನಿಂತ ಜಾಗದ ದೋಷ. ಆರೇಳು ಅಡಿ ಹಿಂದಕ್ಕೆ ಹೋಗಿ, ಲೆನ್ಸನ್ನು 55ಕ್ಕೆ, ಅಂದರೆ ಪೂರ್ತಿ ಜೂಮಿಗೆ ತಿರುಗಿಸಿ. ಮುಖ ತನ್ನ ಅಳತೆಗೆ ಬರುತ್ತದೆ. ಮೊಬೈಲ್ ಸೆಲ್ಫಿಯಲ್ಲಿ ಮೂಗು ಮುಂದೆ ಬರೋದಕ್ಕೂ ಇದೇ ಕಾರಣ. ಅಲ್ಲಿ ಕೈ ಉದ್ದ ಇದ್ದಷ್ಟೇ ದೂರ ತಾನೆ.

ಇನ್ನೊಂದು ವಿಷಯ ಇದೆ. ಇದನ್ನು ಅವರಿಗೆ ಓದಿ ಹೇಳಿ, ನಿಮಗೆ ಅನುಕೂಲವಾಗುತ್ತದೆ. 1977ರಲ್ಲಿ ಅಮೆರಿಕದ ಮೂವರು ಸಂಶೋಧಕರು, ಮಿಟಾ, ಡರ್ಮರ್ ಮತ್ತು ನೈಟ್, ಒಂದು ಪ್ರಯೋಗ ಮಾಡಿದರು. ಹೆಣ್ಣುಮಕ್ಕಳ ಫೋಟೋ ತೆಗೆದು, ಒಂದೇ ನೆಗೆಟಿವ್‌ನಿಂದ ಎರಡು ಪ್ರಿಂಟ್ ಹಾಕಿದರು. ಒಂದು ಇದ್ದ ಹಾಗೇ, ಇನ್ನೊಂದು ಎಡಬಲ ತಿರುಗಿಸಿದ್ದು, ಅಂದರೆ ಕನ್ನಡಿಯಲ್ಲಿ ಕಂಡ ಹಾಗೆ. ಯಾವುದು ಚೆನ್ನಾಗಿದೆ ಅಂತ ಕೇಳಿದರೆ ಫೋಟೋದಲ್ಲಿದ್ದವರು ಹೆಚ್ಚಾಗಿ ಕನ್ನಡಿಯದ್ದನ್ನು ಆರಿಸಿದರು. ಅವರ ಗೆಳತಿಯರು ಇದ್ದ ಹಾಗೆ ಇರುವುದನ್ನು ಆರಿಸಿದರು. ನಮ್ಮ ಮುಖವನ್ನು ನಾವು ನೋಡೋದು ಕನ್ನಡಿಯಲ್ಲಿ. ಬೈತಲೆ, ಮೂಗುಬೊಟ್ಟು, ಕೆನ್ನೆಯ ಮಚ್ಚೆ ಎಲ್ಲ ಅಲ್ಲಿ ಆ ಕಡೆ ಈ ಕಡೆ. ಫೋಟೋದಲ್ಲಿ ಅದು ಅದಲುಬದಲಾದಾಗ ‘ಇದ್ಯಾರಪ್ಪ’ ಅನ್ನಿಸುತ್ತದೆ. ಹಾಗಾಗಿ ನಿಮ್ಮ ಮನೆಯವರ ಬೇಜಾರಿನಲ್ಲಿ ಅರ್ಧ ಮಾತ್ರ ನಿಮ್ಮದು. ಉಳಿದರ್ಧ ನಿಮ್ಮ ಬಚ್ಚಲುಮನೆಯ ಕನ್ನಡಿಯದು.

ಮೂರನೆಯದರಲ್ಲಿ ಮಗ ಹಾಲ್‌ನಲ್ಲಿ ಓಡುತ್ತಿದ್ದಾನಂತೆ. ನೀವು ಬರೆದಿದ್ದಕ್ಕೆ ಗೊತ್ತಾಯಿತು. ನನಗೆ ಕಂಡಿದ್ದು ಸೋಫಾದಿಂದ ಟಿವಿವರೆಗೆ ಎಳೆದ ಒಂದು ನೀಲಿ ಗೀಟು. ಫೋಟೋ ಫೈಲಿನ ಒಳಗೇ ಯಾವ ಸ್ಪೀಡಿನಲ್ಲಿ ತೆಗೆದಿದ್ದು ಅಂತ ದಾಖಲಾಗಿರುತ್ತದೆ. ತೆಗೆದು ನೋಡಿದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನೋ ಲೆಕ್ಕ) 400, ಶಟರ್ (ಬೆಳಕು ಒಳಗೆ ಬಿಡುವ ಬಾಗಿಲು) ತೆರೆದಿದ್ದು 1/8 ಸೆಕೆಂಡ್. ಸೆಕೆಂಡಿನ ಎಂಟನೇ ಒಂದು ಭಾಗದಲ್ಲಿ ಓಡುವ ಹುಡುಗ ಒಂದಡಿ ದಾಟಿರುತ್ತಾನೆ. ನಿಮ್ಮ ಕೈಯೂ ಅಲ್ಲಾಡಿದೆ, ಯಾಕಂದರೆ ಸೋಫಾ ಕೂಡ ಎರಡೆರಡು ಕಾಣುತ್ತಿದೆ.

ಬೇಸರ ಮಾಡಿಕೊಳ್ಳಬೇಡಿ. 1838ರಲ್ಲಿ ಪ್ಯಾರಿಸ್‌ನಲ್ಲಿ ಡಗೇರ್ ಎಂಬಾತ ತನ್ನ ಕಿಟಕಿಯಿಂದ ಒಂದು ದೊಡ್ಡ ರಸ್ತೆಯ ಫೋಟೋ ತೆಗೆದ. ಜನ, ಕುದುರೆಗಾಡಿ ಓಡಾಡುವ ರಸ್ತೆ. ಆಗ ಒಂದು ಫೋಟೋಕ್ಕೆ ಕೆಲವು ನಿಮಿಷವೇ ಬೇಕಿತ್ತು. ಅಷ್ಟು ಹೊತ್ತಿನಲ್ಲಿ ಓಡಾಡಿದವರು ಯಾರೂ ಫೋಟೋದಲ್ಲಿ ಉಳಿಯಲಿಲ್ಲ. ರಸ್ತೆ ಖಾಲಿ ಖಾಲಿ. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಾ ಒಂದೇ ಕಡೆ ನಿಂತಿದ್ದ ಒಬ್ಬ ಮಾತ್ರ ಎದ್ದು ಕಾಣುತ್ತಾನೆ. ಆ ಕ್ಯಾಮೆರಾದಲ್ಲಿ ನಿಮ್ಮ ಮಂಡಿಪೇಟೆಯನ್ನು ಸಂತೆ ಹೊತ್ತಲ್ಲಿ ತೆಗೆದಿದ್ದರೂ ಊರು ಬಂದ್ ಆದ ಹಾಗೆ ಬರುತ್ತಿತ್ತು. ಆ ಲೆಕ್ಕದಲ್ಲಿ ನಿಮ್ಮ ಮಗ ಗೀಟಾಗಿಯಾದರೂ ಉಳಿದಿದ್ದಾನೆ.

ಮನೆಯೊಳಗೆ ಎಷ್ಟು ಕತ್ತಲೆ ಇರುತ್ತದೆ ಅನ್ನೋದು ನಮ್ಮ ಕಣ್ಣಿಗೆ ತಿಳಿಯೋದೇ ಇಲ್ಲ. ಹೊರಗೆ ದಾವಣಗೆರೆಯ ಬಿಸಿಲು ಒಂದು ಲಕ್ಷ ಲಕ್ಸ್ (ಬೆಳಕಿನ ಅಳತೆ) ಮುಟ್ಟುತ್ತದೆ. ರಾತ್ರಿ ಟ್ಯೂಬ್‌ಲೈಟ್ ಹಾಕಿದ ಹಾಲ್‌ನಲ್ಲಿ 100, ಜಾಸ್ತಿ ಅಂದರೆ 200. ಐನೂರು ಪಟ್ಟು, ಸಾವಿರ ಪಟ್ಟು ಕಡಿಮೆ ಬೆಳಕು. ಕಣ್ಣು ಹೊಂದಿಕೊಂಡು ಸುಮ್ಮನಾಗುತ್ತದೆ, ಕ್ಯಾಮೆರಾ ಶಟರನ್ನು ಜಾಸ್ತಿ ಹೊತ್ತು ತೆರೆದು ಕೂರುತ್ತದೆ. ಐಎಸ್‌ಒ ಏರಿಸಿದರೆ ಫೋಟೋ ಕೆಡುತ್ತದೆ ಅಂತ ಯಾರೋ ನಿಮಗೆ ಹೇಳಿದ್ದಾರೆ. ಅವರ ಮಾತು ಬಿಡಿ. 3200ಕ್ಕೆ ಹಾಕಿ. ರವೆ ಉದುರಿಸಿದ ಹಾಗೆ ಸ್ವಲ್ಪ ಕಾಳುಕಾಳು ಬರುತ್ತದೆ, ಬರಲಿ. ಮಸುಕಾದ ಮುಖಕ್ಕಿಂತ ಕಾಳು ಕಾಣುವ ಮುಖ ವಾಸಿ. ಆಗ ಸ್ಪೀಡು 1/60ಕ್ಕೆ ಬರುತ್ತದೆ. ಸುಮ್ಮನೆ ಕೂತವರಿಗೆ, ಲೆನ್ಸನ್ನು ಜೂಮ್ ಮಾಡದೆ ಇದ್ದರೆ, ಅಷ್ಟು ಸಾಕು. ಓಡೋ ಹುಡುಗನಿಗೆ 1/250ಆದರೂ ಬೇಕು. ಅದು ರಾತ್ರಿ ಹಾಲ್‌ನಲ್ಲಿ ಆಗದ ಮಾತು. ಬೆಳಗ್ಗೆ ಅವನನ್ನು ಜಗುಲಿಗೆ ಓಡಿಸಿ.

ಅಮ್ಮ ಕಿಟಕಿ ಪಕ್ಕ ಕೂತು ಹೂ ಕಟ್ಟುತ್ತಿರುವ ಫೋಟೋದಲ್ಲಿ ಒಂದು ಕೆನ್ನೆ ಅರಿಶಿನ, ಇನ್ನೊಂದು ಕೆನ್ನೆ ನೀಲಿ. ಒಳಗೆ ಹಳದಿ ಬಲ್ಬ್, ಹೊರಗೆ ಹಗಲು. ಬಲ್ಬಿನ ಬೆಳಕು 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಆಸುಪಾಸು, ಹಗಲಿನದ್ದು 5500. ಕ್ಯಾಮೆರಾ ಯಾವುದಾದರೂ ಒಂದನ್ನು ಬಿಳಿ ಅಂದುಕೊಳ್ಳಬಹುದು, ಎರಡನ್ನೂ ಅಲ್ಲ. ಬಲ್ಬ್ ಆರಿಸಿ, ಅಷ್ಟೇ. ಮನೆಯೊಳಗಿನ ನನ್ನ ಒಳ್ಳೊಳ್ಳೆ ಫೋಟೋಗಳಲ್ಲಿ ಮುಕ್ಕಾಲು ಪಾಲು ಹಗಲು ಹೊತ್ತಿನಲ್ಲಿ ಕರೆಂಟ್ ಹೋದಾಗ ತೆಗೆದವು. ತಮಾಷೆಗೆ ಹೇಳುತ್ತಿಲ್ಲ.

ಬೆಣ್ಣೆದೋಸೆ ಫೋಟೋ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ನಿಮ್ಮ ಲೆನ್ಸ್ ಸುಮಾರು 25ರಿಂದ 28 ಸೆಂಟಿಮೀಟರ್‌ಗಿಂತ ಹತ್ತಿರದ್ದಕ್ಕೆ ಫೋಕಸ್ ಆಗುವುದಿಲ್ಲ. ನೀವು ಬೆಣ್ಣೆಗೆ ಮೂಗು ತಾಗಿಸಿಕೊಂಡು ತೆಗೆದಿದ್ದೀರಿ. ಮೇಲಾಗಿ ಗಾಜಿನ ಮೇಲೆ ಬೆರಳಿನ ಜಿಡ್ಡು. ದೋಸೆಗಿಂತ ಲೆನ್ಸಿಗೇ ಬೆಣ್ಣೆ ಜಾಸ್ತಿ ಬಿದ್ದಿದೆ. ಹಳೆ ಮೆತ್ತನೆ ಕಾಟನ್ ಬಟ್ಟೆಯಲ್ಲಿ ಒರೆಸಿ. ಪಂಚೆ ಚುಂಗಿನಲ್ಲಿ ಬೇಡ, ಅದರಲ್ಲಿ ಧೂಳಿರುತ್ತದೆ, ಗೀರು ಬೀಳುತ್ತದೆ.

ಮಂಡಕ್ಕಿ ರಾಶಿಯ ಫೋಟೋ ಮಾತ್ರ ಪಾಠಕ್ಕೆ ಒಳ್ಳೆಯದು. ಬೆಳ್ಳಗಿನ ಮಂಡಕ್ಕಿ ಯಾಕೆ ಸಿಮೆಂಟ್ ಬಣ್ಣಕ್ಕೆ ಬಂತು ಅಂತ ಕೇಳಿದ್ದೀರಿ. ಕ್ಯಾಮೆರಾದೊಳಗಿನ ಬೆಳಕಿನ ಮೀಟರಿಗೆ ಮಂಡಕ್ಕಿ ಗೊತ್ತಿಲ್ಲ, ಎಮ್ಮೆಯೂ ಗೊತ್ತಿಲ್ಲ. ಅದರ ಲೆಕ್ಕದಲ್ಲಿ ಜಗತ್ತೆಲ್ಲ ಸರಾಸರಿ ಬೂದು ಬಣ್ಣ. ಪೂರ್ತಿ ಬಿಳಿ ಕಂಡರೆ ‘ಬೆಳಕು ಜಾಸ್ತಿಯಾಯ್ತು’ ಅಂತ ಕಡಿಮೆ ಮಾಡುತ್ತದೆ, ಮಂಡಕ್ಕಿ ಬೂದು. ಪೂರ್ತಿ ಕಪ್ಪು ಕಂಡರೆ ‘ಸಾಲದು’ ಅಂತ ಏರಿಸುತ್ತದೆ, ಎಮ್ಮೆಯೂ ಬೂದು. ಕ್ಯಾಮೆರಾದ ಮೇಲೆ ಪ್ಲಸ್ ಮೈನಸ್ ಗುರುತಿನ ಒಂದು ಗುಂಡಿ ಇದೆ, ನೋಡಿ. ಮಂಡಕ್ಕಿಗೆ ಪ್ಲಸ್ ಒಂದು, ಎಮ್ಮೆಗೆ ಮೈನಸ್ ಒಂದು. ಮಾವನವರ ಬಿಳಿ ಪಂಚೆ ಮಾಸಿದ ಹಾಗೆ ಕಂಡಿದ್ದಕ್ಕೂ ಇದೇ ಕಾರಣ. ಅತ್ತೆಯವರ ಒಗೆತವನ್ನು ಅನುಮಾನಿಸಬೇಡಿ.

ಇನ್ನು ಗೃಹಪ್ರವೇಶದ ಗುಂಪು ಫೋಟೋ. ಎಣಿಸಿದೆ, 19 ಜನ. ಕಣ್ಣು ಮುಚ್ಚಿದವರು ಐದು. ಒಬ್ಬರು ಆಕಳಿಸುತ್ತಿದ್ದಾರೆ, ಅದು ನಿಮ್ಮ ತಪ್ಪಲ್ಲ, ಊಟ ಆಗಿತ್ತು ಅನ್ನಿಸುತ್ತದೆ. ಫ್ಲ್ಯಾಶ್ ಬೇರೆ ಹಾಕಿದ್ದೀರಿ. ಕೆಳಗೆ ಕೂತ ಮಕ್ಕಳು ಏಳಡಿಯಲ್ಲಿ, ಹಿಂದಿನ ಸಾಲಿನ ದೊಡ್ಡವರು ಹದಿನಾಲ್ಕು ಅಡಿಯಲ್ಲಿ. ದೂರ ಎರಡು ಪಟ್ಟಾದರೆ ಫ್ಲ್ಯಾಶಿನ ಬೆಳಕು ಅರ್ಧ ಅಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಮಕ್ಕಳೆಲ್ಲ ವಿಭೂತಿ ಬಳಿದುಕೊಂಡಿದ್ದಾರೆ, ದೊಡ್ಡವರು ಕತ್ತಲಲ್ಲಿ ಹಲ್ಲು ಮಾತ್ರ ತೋರಿಸುತ್ತಿದ್ದಾರೆ.

ಕಣ್ಣಿನ ವಿಷಯಕ್ಕೆ ಗಣಿತ ಇದೆ. ಮನುಷ್ಯ ನಿಮಿಷಕ್ಕೆ ಹತ್ತು ಹದಿನೈದು ಸಲ ರೆಪ್ಪೆ ಬಡಿಯುತ್ತಾನೆ. ಆಸ್ಟ್ರೇಲಿಯಾದಲ್ಲಿ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಎಂಬಿಬ್ಬರು ಕೂತು, ಒಂದು ಗುಂಪಿನಲ್ಲಿ ಎಲ್ಲರ ಕಣ್ಣೂ ತೆರೆದಿರುವ ಒಂದು ಫೋಟೋ ಸಿಗಬೇಕಾದರೆ ಎಷ್ಟು ಫೋಟೋ ತೆಗೆಯಬೇಕು ಅಂತ ಲೆಕ್ಕ ಹಾಕಿದರು. 2006ರಲ್ಲಿ ಅವರಿಗೆ ಗಣಿತದ ಇಗ್ ನೊಬೆಲ್ ಸಿಕ್ಕಿತು. ಇಗ್ ನೊಬೆಲ್ ಅಂದರೆ ಮೊದಲು ನಗಿಸಿ, ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ. ಅವರ ಸೂತ್ರ ಸುಲಭ. ಇಪ್ಪತ್ತಕ್ಕಿಂತ ಕಡಿಮೆ ಜನ ಇದ್ದರೆ, ಬೆಳಕು ಚೆನ್ನಾಗಿದ್ದಾಗ ಜನರ ಸಂಖ್ಯೆಯನ್ನು ಮೂರರಿಂದ ಭಾಗಿಸಿ. ಬೆಳಕು ಸಾಲದಿದ್ದರೆ ಎರಡರಿಂದ. ನಿಮ್ಮ 19 ಜನಕ್ಕೆ ರಾತ್ರಿ ಹೊತ್ತಿನಲ್ಲಿ ಹತ್ತು ಫೋಟೋ. ನೀವು ತೆಗೆದಿದ್ದು ಒಂದೇ ಒಂದು, ಅದೂ ‘ರೆಡಿ’ ಅಂತ ಹೇಳದೆ.

ನನ್ನ ಸ್ಟುಡಿಯೋ ಉಪಾಯ ಬೇರೆ. ಎಲ್ಲರಿಗೂ ಕಣ್ಣು ಮುಚ್ಚಿಕೊಳ್ಳಿ ಅನ್ನುತ್ತೇನೆ. ‘ಮೂರು ಅಂದಾಗ ಬಿಡ್ರೀ’. ಬಿಟ್ಟ ಮೇಲೆ ಅರೆಕ್ಷಣ ತಡೆದು ಒತ್ತುತ್ತೇನೆ. ಈಗ ತಾನೆ ಬಿಟ್ಟ ಕಣ್ಣು ಅಷ್ಟು ಬೇಗ ಮುಚ್ಚುವುದಿಲ್ಲ. ಗುಂಪಿನಲ್ಲಿ ಯಾವಾಗಲೂ ಒಬ್ಬ ಚಿಕ್ಕಪ್ಪ ಇರುತ್ತಾರೆ, ಎರಡಕ್ಕೇ ಬಿಡುತ್ತಾರೆ. ಅವರನ್ನು ಹಿಂದಿನ ಸಾಲಿನ ತುದಿಗೆ ನಿಲ್ಲಿಸಿ.

ನಿಮ್ಮ ಮಗಳು ಫೋಲ್ಡರ್ ಮಾಡಿದ್ದಕ್ಕೆ ನೊಂದುಕೊಂಡಿದ್ದೀರಲ್ಲ, ನನ್ನ ಕಥೆ ಕೇಳಿ. ನನಗಾಗ 19 ವರ್ಷ. ಯಾರದ್ದೋ ಕೈಕಾಲು ಹಿಡಿದು ಒಂದು ರೋಲ್ ಕ್ಯಾಮೆರಾ ತಂದಿದ್ದೆ. ಹುಬ್ಬಳ್ಳಿಯಿಂದ ನೆಂಟರು ಬಂದಿದ್ದರು, ಕೋಟೆ ತೋರಿಸಲು ಕರೆದುಕೊಂಡು ಹೋದೆ. ಏಕನಾಥೇಶ್ವರಿ ಗುಡಿ ಮುಂದೆ ಮೂರು, ಅಕ್ಕತಂಗಿ ಹೊಂಡದ ಹತ್ತಿರ ನಾಲ್ಕು, ಹೀಗೆ ತೆಗೆಯುತ್ತಾ ಹೋದೆ. ಓಬವ್ವನ ಕಿಂಡಿ ಹತ್ತಿರ ನಮ್ಮ ಸೋದರತ್ತೆ, ‘ನಿಲ್ಲು, ನಾನು ಓಬವ್ವ ಆಗ್ತೀನಿ’ ಅಂತ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಒನಕೆ ಎಲ್ಲಿಂದ ತರೋದು? ಮಾವನ ಕೊಡೆ ಎತ್ತಿ ಹಿಡಿದರು. ಮಾವ ಹೈದರಾಲಿಯ ಸೈನಿಕನಾಗಿ ಕಿಂಡಿಯಿಂದ ತಲೆ ಹೊರಗೆ ಹಾಕಿದರು. ಬಂದುಹೋಗುವ ಜನ ಎಲ್ಲಾ ನಿಂತು ನೋಡಿದರು. ಅಂಥ ಫೋಟೋ ಮತ್ತೆ ಸಿಗುವುದಿಲ್ಲ.

ರೋಲ್ 36ರದ್ದು. ನನ್ನ ಕೌಂಟರ್ 37 ತೋರಿಸಿತು, 38 ತೋರಿಸಿತು. ಒಂದೆರಡು ಹೆಚ್ಚಿಗೆ ಬರುವುದುಂಟು, ಖುಷಿಯಾಯಿತು. 41ಕ್ಕೆ ಹೋದಾಗ ನನ್ನ ಅದೃಷ್ಟಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ತೊಳೆಸಲು ಕೊಟ್ಟೆ. ರೋಲ್ ಪೂರ್ತಿ ಖಾಲಿ. ಫಿಲ್ಮಿನ ತುದಿ ಹಲ್ಲಿಗೆ ಸಿಕ್ಕೇ ಇರಲಿಲ್ಲ. ನಾನು ಲಿವರ್ ಎಳೆದಾಗೆಲ್ಲ ಕೌಂಟರ್ ಓಡಿದೆ, ಫಿಲ್ಮ್ ಡಬ್ಬಿಯೊಳಗೆ ಹಾಯಾಗಿ ಮಲಗಿದೆ. ಲಿವರ್ ಎಳೆಯುವಾಗ ಎಡಗಡೆಯ ಸುತ್ತುವ ಗುಂಡಿ ತಿರುಗುತ್ತಿದೆಯಾ ಅಂತ ನೋಡಬೇಕು ಅನ್ನೋದು ನನಗೆ ಆಮೇಲೆ ತಿಳಿಯಿತು. ಅತ್ತೆ ಬದುಕಿರುವವರೆಗೂ ಸಿಕ್ಕಾಗಲೆಲ್ಲ ಕೇಳುತ್ತಿದ್ದರು, ‘ನನ್ನ ಓಬವ್ವನ ಫೋಟೋ ತೊಳೆದು ಬಂತೇನೋ?’ ನಿಮ್ಮ ಹತ್ತಿರ ಹಳದಿಯೋ ಮಸುಕೋ, ಏನೋ ಒಂದು ಇದೆ. ನನ್ನ ಹತ್ತಿರ ಅದೂ ಇಲ್ಲ.

ಲೆನ್ಸ್ ವಿಚಾರ. ಖರ್ಚು ಮಾಡಲೇಬೇಕು ಅಂತ ಕೈ ಕಡಿಯುತ್ತಿದ್ದರೆ 50 ಎಂಎಂ, ಎಫ್ 1.8 ಲೆನ್ಸ್ ತಗೊಳ್ಳಿ. ಎಫ್ ಸಂಖ್ಯೆ ಚಿಕ್ಕದಾದಷ್ಟು ಲೆನ್ಸಿನ ಬಾಯಿ ದೊಡ್ಡದು. ಲೆನ್ಸ್‌ಗಳಲ್ಲಿ ಅಗ್ಗದವುಗಳಲ್ಲಿ ಅದೂ ಒಂದು. ನಿಮ್ಮ ಈಗಿನ ಲೆನ್ಸ್ 55ರಲ್ಲಿ ಬಿಡುವುದಕ್ಕಿಂತ ಒಂಬತ್ತು ಹತ್ತು ಪಟ್ಟು ಜಾಸ್ತಿ ಬೆಳಕನ್ನು ಒಳಗೆ ಬಿಡುತ್ತದೆ. ಆದರೆ ಅದರಲ್ಲಿ ಜೂಮ್ ಇಲ್ಲ. ನಾಲ್ಕು ಜನರನ್ನು ಹಿಡಿಸಬೇಕಾದರೆ ನೀವೇ ಹಿಂದಕ್ಕೆ ಹೋಗಬೇಕು. ಹೋಗ್ತಾ ಹೋಗ್ತಾ ಬೆನ್ನು ಅಡುಗೆಮನೆ ಕಟ್ಟೆಗೆ ತಾಗುತ್ತದೆ. ಒಲೆ ಮೇಲೆ ಏನಿದೆ ಅಂತ ಮೊದಲು ನೋಡಿಕೊಳ್ಳಿ. ಆರು ತಿಂಗಳು ಇರೋ ಲೆನ್ಸಿನಲ್ಲೇ ತೆಗೆಯಿರಿ ಅನ್ನೋದು ನನ್ನ ಮಾತು.

ಈಗ ಎಂಟನೇ ಫೋಟೋ. ಕ್ಯಾಮೆರಾ ಸರಿಮಾಡುವಾಗ ಬೆರಳು ತಾಗಿ ಬಿದ್ದದ್ದು ಅನ್ನಿಸುತ್ತದೆ. ಬಾಗಿಲ ಚೌಕಟ್ಟು ವಾಲಿದೆ. ಎಡ ಮೂಲೆಯಲ್ಲಿ ನಿಮ್ಮದೇ ಹೆಬ್ಬೆರಳು. ನಿಮ್ಮ ಮನೆಯವರು ಕೈಯಲ್ಲಿ ಸೌಟು ಹಿಡಿದು ಅಡುಗೆಮನೆಯಿಂದ ಬರುತ್ತಾ ನಗುತ್ತಿದ್ದಾರೆ. ಕೈ ಸ್ವಲ್ಪ ಮಸುಕು, ಮುಖ ಸ್ಪಷ್ಟ. ಕಿಟಕಿ ಬೆಳಕು ಸರಿಯಾಗಿ ಕೆನ್ನೆ ಮೇಲೆ ಬಿದ್ದಿದೆ. ಅವರು ಲೆನ್ಸ್ ನೋಡುತ್ತಿಲ್ಲ, ಕ್ಯಾಮೆರಾ ಜೊತೆ ಒದ್ದಾಡುತ್ತಿರುವ ನಿಮ್ಮನ್ನು ನೋಡುತ್ತಿದ್ದಾರೆ. ಇಷ್ಟು ವರ್ಷದಲ್ಲಿ ದುಡ್ಡು ಕೊಟ್ಟು ಕೂತವರ ಮುಖದಲ್ಲಿ ನಾನು ಆ ನಗು ತರಿಸಿದ್ದು ಬೆರಳೆಣಿಕೆಯಷ್ಟು ಸಲ.

ಹೆಬ್ಬೆರಳನ್ನು ಕತ್ತರಿಸಿ ತೆಗೆಯಬೇಡಿ, ಇರಲಿ. ಎಂಟು ಇಂಚು, ಹತ್ತು ಇಂಚಿನ ಪ್ರಿಂಟ್ ಹಾಕಿಸಿ, ಮ್ಯಾಟ್ ಪೇಪರಿನಲ್ಲಿ. ಮಿರಮಿರ ಹೊಳೆಯುವುದು ಬೇಡ, ಟ್ಯೂಬ್‌ಲೈಟ್ ಅದರಲ್ಲಿ ಕಾಣುತ್ತದೆ. ಫ್ರೇಮ್ ಹಾಕಿಸಿ ಗೋಡೆಗೆ ಹಾಕಿ. ಮಾವನವರ ಕುರ್ಚಿ ಇರೋ ಗೋಡೆಗೆ ಮಾತ್ರ ಬೇಡ.